ಇಂಗ್ಲಿಷಿನ ‘ಎ’, ‘ದಿ’ ಕೈಗೆ ಹತ್ತುತ್ತಿಲ್ಲ, ನೀವೆಲ್ಲ ಹೇಗೆ ಕಲಿತಿರಿ?

ಕೇಳಿದವರು (ಊರು ಹಾವೇರಿ ಕಡೆ, ಈಗ ಬೆಂಗಳೂರು):
ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ. ಹೋದ ವಾರ ನಾನು ಬರೆದ ಎರಡು ಪುಟದ ರಿಪೋರ್ಟ್ ವಾಪಸ್ ಬಂತು. ವಿಷಯದಲ್ಲಿ ಒಂದೂ ತಪ್ಪಿಲ್ಲ, ಆದರೆ 14 ಕಡೆ ಕೆಂಪು ಪೆನ್ನಿನಲ್ಲಿ ‘ಎ’, ‘ದಿ’ ಸೇರಿಸಿದ್ದರು. ‘ಸ್ಯಾಂಪಲ್ ವಾಸ್ ಕೆಪ್ಟ್ ಇನ್ ಓವನ್’ ಅಂತ ಬರೆದಿದ್ದೆ. ಅರ್ಥ ಆಗುತ್ತದೆ ಅಲ್ವಾ? ಗ್ರಾಮರ್ ಪುಸ್ತಕ ತೆರೆದರೆ ‘ದಿ’ ಒಂದಕ್ಕೇ ಪುಟಗಟ್ಟಲೆ ನಿಯಮ. ಬರೆಯಲು ಕೂತಾಗ ಒಂದೂ ನೆನಪಿಗೆ ಬರುವುದಿಲ್ಲ. ಐ, ಮಿ, ಮೈ ವಿಷಯದಲ್ಲೂ ಆಗಾಗ ಎಡವುತ್ತೇನೆ. ನಿಮ್ಮ ಅನುಭವ ಹೇಳಿ.

ನಿವೃತ್ತ ಮೇಷ್ಟ್ರು, ಶಿವಮೊಗ್ಗ:
ತಮ್ಮಾ, ಆ ಪುಸ್ತಕ ಸ್ವಲ್ಪ ದಿನ ಮುಚ್ಚಿಡು. ಅಜ್ಜಿ ಹೇಳುತ್ತಿದ್ದ ಕಥೆ ನೆನಪು ಮಾಡಿಕೊ. ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಹೆಂಡತಿಯರು.’ ಮೊದಲ ಸಲ ‘ಒಬ್ಬ’, ಎರಡನೇ ಸಲ ‘ಆ’. ಇಂಗ್ಲಿಷಿನಲ್ಲಿ ಮೊದಲು ‘ಎ ಕಿಂಗ್’, ಆಮೇಲೆ ‘ದಿ ಕಿಂಗ್’. ಮೂವತ್ತು ವರ್ಷ ಮಕ್ಕಳಿಗೆ ಹೀಗೇ ಹೇಳಿಕೊಟ್ಟೆ.

ಈ ‘ಆ್ಯನ್’ ಹಳೆಯ ಇಂಗ್ಲಿಷಿನಲ್ಲಿ ‘ಒಂದು’ ಅನ್ನುವ ಪದವೇ ಆಗಿತ್ತು. ಬಳಸಿ ಬಳಸಿ ಸವೆದು ‘ಎ’ ಆಯಿತು. ಆದ್ದರಿಂದ ಒಂದು, ಎರಡು ಅಂತ ಎಣಿಸಲು ಬಾರದ ನಾಮಪದಕ್ಕೆ ಅದು ಅಂಟುವುದಿಲ್ಲ. ತೊಂದರೆ ಏನೆಂದರೆ, ಯಾವುದನ್ನು ಎಣಿಸಬಹುದು ಅನ್ನುವುದರಲ್ಲಿ ಅವರ ಲೆಕ್ಕವೇ ಬೇರೆ. ನಮಗೆ ಒಂದು ಸಲಹೆ, ಎರಡು ಸುದ್ದಿ. ಅವರಿಗೆ ಅಡ್ವೈಸ್, ನ್ಯೂಸ್, ಇನ್ಫರ್ಮೇಷನ್, ಫರ್ನಿಚರ್, ಲಗೇಜ್ ಎಲ್ಲ ನೀರಿದ್ದ ಹಾಗೆ. ಎಣಿಸಲೇಬೇಕಾದರೆ ‘ಎ ಪೀಸ್ ಆಫ್ ಅಡ್ವೈಸ್’ ಅನ್ನಬೇಕು. ಇದಕ್ಕೆ ಮಾತ್ರ ಉಪಾಯ ಇಲ್ಲ, ಬಾಯಿಪಾಠವೇ.

ಅನುವಾದ ಮಾಡುವವರು, ಮೈಸೂರು:
ಮೇಷ್ಟ್ರ ಮಾತು ಅರ್ಧ ದಾರಿ ಮಾತ್ರ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ ಸರ್. ‘ಆ’ ಒಂದನ್ನೇ ನಂಬಿ ನಾನು ಜಾಸ್ತಿ ಪೆಟ್ಟು ತಿಂದಿದ್ದೇನೆ. ಮನೆಯಲ್ಲಿ ‘ಬಾಗಿಲು ಹಾಕು’ ಅನ್ನುತ್ತೇವೆ, ‘ಆ ಬಾಗಿಲು ಹಾಕು’ ಅನ್ನುವುದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ‘ಕ್ಲೋಸ್ ದಿ ಡೋರ್’. ‘ಆ’ ಬೆರಳು ಮಾಡಿ ತೋರಿಸುತ್ತದೆ. ‘ದಿ’ಗೆ ಅಷ್ಟೆಲ್ಲ ಬೇಡ, ಯಾವುದು ಅಂತ ಇಬ್ಬರಿಗೂ ಗೊತ್ತಿದ್ದರೆ ಸಾಕು.

ನಾನು ಮಾಡುವುದು ಇಷ್ಟೇ. ನಾಮಪದ ಬರೆದ ಕೂಡಲೇ, ಓದುವವರು ‘ಯಾವುದು?’ ಅಂತ ಕೇಳುತ್ತಾರಾ ಅಂತ ಯೋಚಿಸುತ್ತೇನೆ. ಕೇಳುವುದಿಲ್ಲ, ಅವರಿಗೆ ಗೊತ್ತು ಅನಿಸಿದರೆ ‘ದಿ’. ಸೂರ್ಯ ಇರುವುದು ಒಂದೇ, ಹಾಗಾಗಿ ‘ದಿ ಸನ್’. ಯಾವುದೋ ಒಂದು ಅಂದರೆ ‘ಎ’. ಒಟ್ಟಾರೆ ಆ ಜಾತಿಯ ಬಗ್ಗೆಯೇ ಮಾತಾದರೆ ಬಹುವಚನ, ಹಿಂದೆ ಏನೂ ಇಲ್ಲ. ‘ಐ ಲೈಕ್ ಡಾಗ್ಸ್’.

ಕನ್ನಡದಲ್ಲೂ ಈ ವ್ಯತ್ಯಾಸ ಇದೆ, ಬೇರೆ ಕಡೆ ಅವಿತುಕೊಂಡಿದೆ. ‘ಪುಸ್ತಕ ಓದುತ್ತಿದ್ದೆ’ ಅಂದರೆ ಯಾವುದೋ ಪುಸ್ತಕ. ‘ಪುಸ್ತಕವನ್ನು ಓದಿ ಮುಗಿಸಿದೆ’ ಅಂದರೆ ನಿನಗೂ ಗೊತ್ತಿರುವ ಪುಸ್ತಕ. ದ್ವಿತೀಯಾ ವಿಭಕ್ತಿ ಬಂದ ಕಡೆ ‘ದಿ’ ಬೇಕಾ ಅಂತ ಒಮ್ಮೆ ನೋಡಿ. ಬರಹದಲ್ಲಿ ಎಲ್ಲದಕ್ಕೂ ‘ಅನ್ನು’ ಹಚ್ಚುತ್ತೇವೆ, ಮನುಷ್ಯರಿಗಂತೂ ಬಿಡುವ ಹಾಗೇ ಇಲ್ಲ. ಅದಕ್ಕೇ ಆಡುಮಾತಿನಲ್ಲಿ ಹೇಳಿ ನೋಡಿಕೊಳ್ಳಬೇಕು.

ಟ್ಯೂಷನ್ ಹೇಳುವವರು, ಧಾರವಾಡ:
ಐ, ಮಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ, ನಾನು ಹೇಳುತ್ತೇನೆ. ನಮ್ಮ ವಿಭಕ್ತಿಯ ಮುಂದೆ ಇಂಗ್ಲಿಷಿನದು ಬಡವರ ಮನೆ. ಹಿಂದೆ ಅವರ ನಾಮಪದಗಳಿಗೂ ವಿಭಕ್ತಿ ಇತ್ತು, ಈಗ ಸರ್ವನಾಮದಲ್ಲಿ ಒಂದಿಷ್ಟು, ನಾಮಪದದ ಕೊನೆಯ ಅಪಾಸ್ಟ್ರಫಿ-‘ಎಸ್’ ಒಂದಿಷ್ಟು, ಅಷ್ಟೇ ಉಳಿದಿದೆ. ನಾನು ಅಂದರೆ ‘ಐ’. ನನ್ನ ಅಂದರೆ ‘ಮೈ’, ನನ್ನದು ಅಂದರೆ ‘ಮೈನ್’. ನನ್ನನ್ನು, ನನಗೆ, ನನ್ನಿಂದ, ನನ್ನಲ್ಲಿ ಎಲ್ಲಕ್ಕೂ ‘ಮಿ’ ಒಂದೇ. ‘ಸರ್ ನನ್ನನ್ನೂ ತಮ್ಮನನ್ನೂ ಕರೆದರು’ ಅಂತ ಕನ್ನಡದಲ್ಲಿ ಹೇಳಿಕೊಂಡರೆ, ‘ಮೈ ಬ್ರದರ್ ಆ್ಯಂಡ್ ಮಿ’ ತಾನಾಗಿ ಬರುತ್ತದೆ. ಸೂಟು ಬೂಟಿನವರೂ ಅಲ್ಲಿ ‘ಐ’ ಅಂದುಬಿಡುತ್ತಾರೆ, ಅದು ಜಾಸ್ತಿ ಗೌರವ ಅಂತ ಅಂದುಕೊಂಡು.

ಎಡವುವುದು ‘ಗೆ’ಯಲ್ಲಿ. ‘ಅವನಿಗೆ ಹೇಳು’ ಅನ್ನುವುದನ್ನು ಮಕ್ಕಳು ‘ಟೆಲ್ ಟು ಹಿಮ್’ ಅಂತ ಬರೆಯುತ್ತಾರೆ. ‘ಟು’ ಬೇಡ, ‘ಟೆಲ್ ಹಿಮ್’. ‘ನನಗೆ ಗೊತ್ತು’, ‘ನನಗೆ ಕಾಫಿ ಇಷ್ಟ’ ಅನ್ನುವಾಗಲಂತೂ ನಮ್ಮ ಚತುರ್ಥಿ ಅಲ್ಲಿ ಕರ್ತೃವಾಗಿ ನಿಲ್ಲುತ್ತದೆ. ‘ಐ ನೋ’, ‘ಐ ಲೈಕ್ ಕಾಫಿ’.

ಇನ್ನೊಂದು. ನಾವು ‘ನನ್ನ ಒಬ್ಬ ಗೆಳೆಯ’, ‘ನನ್ನ ಈ ಪುಸ್ತಕ’ ಅಂತ ಆರಾಮಾಗಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಎ, ದಿ, ದಿಸ್, ಮೈ ಇವೆಲ್ಲ ಕೂರುವುದು ಒಂದೇ ಕುರ್ಚಿಯಲ್ಲಿ. ಒಬ್ಬರು ಕೂತರೆ ಇನ್ನೊಬ್ಬರಿಗೆ ಜಾಗ ಇಲ್ಲ. ಹಾಗಾಗಿ ‘ಎ ಮೈ ಫ್ರೆಂಡ್’ ಆಗುವುದಿಲ್ಲ, ‘ಎ ಫ್ರೆಂಡ್ ಆಫ್ ಮೈನ್’. ‘ಒನ್ ಆಫ್ ಮೈ ಫ್ರೆಂಡ್’ ಅಂತ ಬರೆಯುವವರು ‘ಗೆಳೆಯರಲ್ಲಿ ಒಬ್ಬ’ ಅಂತ ಹೇಳಿಕೊಳ್ಳಿ. ಆ ‘ರು’ ಕಿವಿಗೆ ಬಿದ್ದರೆ ‘ಫ್ರೆಂಡ್ಸ್’ ಬರೆಯುತ್ತೀರಿ.

ಟೈಪಿಂಗ್ ಕೆಲಸದವರು, ಹಾಸನ:
ನನ್ನದು ಸಣ್ಣದು. ‘ಎ’ನೋ ‘ಆ್ಯನ್’ನೋ ಅಂತ ಗೊಂದಲ ಆದರೆ ಮುಂದಿನ ಪದವನ್ನು ಕನ್ನಡದಲ್ಲಿ ಬರೆದು ನೋಡಿ. ಸ್ವರದಿಂದ ಶುರುವಾದರೆ ‘ಆ್ಯನ್’. ಅವರ್, ಎಂಎಲ್‌ಎ ಇವಕ್ಕೆ ‘ಆ್ಯನ್’, ಯೂನಿವರ್ಸಿಟಿಗೆ ‘ಎ’. ಕೈ ಕೊಡುವುದು ‘ಒನ್ ವೇ’ ಮಾತ್ರ. ಬೋರ್ಡಿನಲ್ಲಿ ‘ಒ’ ಇದ್ದರೂ ಇಂಗ್ಲಿಷಿನಲ್ಲಿ ಅದು ‘ವನ್’, ಆದ್ದರಿಂದ ‘ಎ’. ನಮ್ಮ ಕಡೆ ಎಗ್ಗನ್ನು ‘ಯೆಗ್’ ಅನ್ನುತ್ತೇವಲ್ಲ, ಹಾಗೆ ಹೇಳಿಕೊಂಡರೆ ಲೆಕ್ಕ ಕೆಡುತ್ತದೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಹಳೇ ರಿಪೋರ್ಟ್ ತೆಗೆದು ‘ಯಾವುದು?’ ಅಂತ ಕೇಳಿಕೊಳ್ಳುತ್ತಾ ತಿದ್ದಿದೆ. ಮೊದಲ ಸಾಲು ನೋಡಿ. ‘ದಿ ಸ್ಯಾಂಪಲ್ ವಾಸ್ ಕೆಪ್ಟ್ ಇನ್ ಎ ಓವನ್. ದಿ ಓವನ್ ವಾಸ್ ಸೆಟ್ ಟು 60 ಡಿಗ್ರೀಸ್.’

ಟೈಪಿಂಗ್ ಕೆಲಸದವರು, ಹಾಸನ:
ಲ್ಯಾಬಿನಲ್ಲಿ ಎಲ್ಲರೂ ‘ವೋವನ್’ ಅನ್ನುತ್ತೀರಾ ಅಣ್ಣಾ?

ಕೇಳಿದವರು:
ಹೌದು. ಆ್ಯನ್ ಓವನ್. ತಿದ್ದಿದೆ.