ಮಗ ಕೊರಿಂಥಿಯನ್ಸ್ ಅಂತಾನೆ, ಮನೆ ಇರೋದು ಪಾಲ್ಮೇರಾಸ್ ಏರಿಯಾದಲ್ಲಿ. ಮೆಂಬರ್‌ಶಿಪ್ ಮಾಡ್ಸೋದಾ? ಅನುಭವ ಇರೋರು ಹೇಳಿ

ಪೆರ್ಡಿಜೆಸ್ ಅಪ್ಪ:
ನಮಸ್ಕಾರ ಎಲ್ರಿಗೂ. ಸಾವೋ ಪೌಲೋಗೆ ಬಂದು ಒಂದೂವರೆ ವರ್ಷ ಆಯ್ತು, ಮಗನಿಗೆ 9. ಕ್ಲಾಸಲ್ಲಿ ಪಕ್ಕ ಕೂರೋ ಹುಡುಗ ಕೊರಿಂಥಿಯನ್ಸ್ ಫುಟ್‌ಬಾಲ್ ಕ್ಲಬ್ ಫ್ಯಾನ್, ಅದಕ್ಕೆ ಇವನೂ ಕೊರಿಂಥಿಯನ್ಸ್. ಆದ್ರೆ ಮನೆ ಪೆರ್ಡಿಜೆಸಲ್ಲಿ, ಎದುರಾಳಿ ಕ್ಲಬ್ ಪಾಲ್ಮೇರಾಸ್ ಸ್ಟೇಡಿಯಂಗೆ ನಡ್ಕೊಂಡೇ ಹೋಗ್ಬಹುದು, ಬಿಲ್ಡಿಂಗ್ ಪೂರ್ತಿ ಅವರ ಹಸಿರು ಬಣ್ಣ. ಇವನ ಕಪ್ಪು-ಬಿಳಿ ಟೀಶರ್ಟ್ ನೋಡಿದ್ಮೇಲೆ ಎದುರು ಮನೆಯವ್ರು ಲಿಫ್ಟಲ್ಲಿ ಮಾತೇ ಆಡ್ತಿಲ್ಲ. ಕೊರಿಂಥಿಯನ್ಸ್ ಫ್ಯಾನ್‌ಗಳ ಫಿಯೆಲ್ ಟೊರ್ಸೆಡೋರ್ ಮೆಂಬರ್‌ಶಿಪ್ ಮಾಡ್ಸೋದಾ, ಇಲ್ಲಾ ಆಗೊಂದು ಈಗೊಂದು ಟಿಕೆಟ್ ತಗೊಂಡ್ರೆ ಸಾಕಾ? ಸ್ಟೇಡಿಯಂಲಿ ಕೂರೋಕೆ ನಾರ್ಟೆ (ಉತ್ತರ) ಸೆಕ್ಟರಾ, ಲೆಸ್ಟೆನಾ (ಪೂರ್ವ)? ನಾವು ಸಸ್ಯಾಹಾರಿಗಳು. ದಯವಿಟ್ಟು ಹೇಳಿ.

ಸೀರಿ ಬಿ 2008:
ಗುರು ನಾನು ಇಲ್ಲಿಗೆ ಬಂದಿದ್ದೇ 2007ರಲ್ಲಿ, ಅದಕ್ಕಿಂತ ಕೆಟ್ಟ ವರ್ಷ ಆರಿಸ್ಕೊಳ್ಳೋಕೆ ಆಗ್ತಿರ್ಲಿಲ್ಲ. ಡಿಸೆಂಬರ್ 2, ಗ್ರೇಮಿಯೊ ಜೊತೆ 1-1, ಕೊರಿಂಥಿಯನ್ಸ್ ಎರಡನೇ ಡಿವಿಷನ್‌ಗೆ ಬಿತ್ತು. ನಾನು ಮನೆ ಕೆಳಗಿನ ಬಾರಲ್ಲಿ ನೋಡ್ತಿದ್ದೆ. ಪಕ್ಕದ ಟೇಬಲ್ಲಲ್ಲಿದ್ದ ಮುದುಕರು ಅಳ್ಲಿಲ್ಲ, ಬೈಲಿಲ್ಲ. ಮೈಮೇಲಿನ ಟೀಶರ್ಟ್ ಬಿಚ್ಚಿ ನಾಲ್ಕು ಮಡಿಕೆ ಮಾಡಿ ತೊಡೆ ಮೇಲಿಟ್ಕೊಂಡು ಸುಕ್ಕು ಹೋಗೋ ಥರ ಅಂಗೈಲಿ ಸವರ್ತಾ ಕೂತ್ರು, ಬರೀ ಮೈಲಿ, ಅರ್ಧ ಗಂಟೆ. ಆಮೇಲೆ ಅದನ್ನೇ ಹಾಕ್ಕೊಂಡು ಎದ್ದು ಹೋದ್ರು. ಅವತ್ತೇ ನಾನೂ ಕೊರಿಂಥಿಯನ್ಸ್ ಆಗಿದ್ದು.

2008ರಲ್ಲಿ ಮೆಂಬರ್‌ಶಿಪ್ ಶುರುವಾದ ವರ್ಷವೇ ಮಾಡಿಸ್ದೆ, ಪಕೆಂಬು ಸ್ಟೇಡಿಯಂಲಿ ಸೀರಿ ಬಿ, ಅಂದ್ರೆ ಎರಡನೇ ಡಿವಿಷನ್ ಪಂದ್ಯ ಎಷ್ಟು ನೋಡಿದೀನೋ ಲೆಕ್ಕವಿಲ್ಲ, ಆ ವರ್ಷವೇ ಚಾಂಪಿಯನ್ ಆಗಿ ಮೇಲೆ ಬಂದ್ವಿ. ಆದ್ರೆ ಒಂದು ಮಾತು ತಲೇಲಿ ಇಟ್ಕೊಳಿ. ಇಲ್ಲಿ ಎಲ್ಲಾ ಪಾಯಿಂಟ್ ಮೇಲೆ ನಡೆಯೋದು, ಎಷ್ಟು ಪಂದ್ಯಕ್ಕೆ ಹೋಗ್ತೀರೋ ಅಷ್ಟು ಪಾಯಿಂಟ್, ಪಾಯಿಂಟ್ ಇದ್ದೋರಿಗೆ ದೊಡ್ಡ ಪಂದ್ಯದ ಟಿಕೆಟ್ ಮೊದ್ಲು. 2012ರಲ್ಲಿ ನನ್ನ ಕ್ರೆಡಿಟ್ ಕಾರ್ಡ್ ಅವಧಿ ಮುಗಿದಿತ್ತು, ನೋಡ್ಲಿಲ್ಲ, ಎರಡು ತಿಂಗಳ ಹಣ ಕಟ್ ಆಗ್ಲಿಲ್ಲ, ಮೆಂಬರ್‌ಶಿಪ್ ನಿಂತೋಯ್ತು. ದಕ್ಷಿಣ ಅಮೆರಿಕದ ಕ್ಲಬ್‌ಗಳ ಕಪ್ ಲಿಬರ್ಟಡೋರೆಸ್ ಫೈನಲ್ ಟಿಕೆಟ್ ಸಿಗ್ಲಿಲ್ಲ. ನಾಲ್ಕು ವರ್ಷ ಮಳೇಲಿ ನೆನ್ಕೊಂಡು ಹೋದೋನು ಜುಲೈ 4ರ ರಾತ್ರಿ ಪಕೆಂಬು ಗೇಟ್ ಹೊರಗೆ ಫುಟ್‌ಪಾತಲ್ಲಿ ನಿಂತು ರೇಡಿಯೋ ಕೇಳ್ದೆ. ಎಮರ್ಸನ್ ಶೇಕ್ ಎರಡು ಗೋಲ್ ಹೊಡೆದಾಗ ಒಳಗಿನ ಕೂಗು ಮೊದ್ಲು, ರೇಡಿಯೋ ಆಮೇಲೆ. ಇವತ್ತಿಗೂ ಹೊಟ್ಟೆ ಉರಿಯುತ್ತೆ. ಕಾರ್ಡ್ ಡೇಟ್ ನೋಡ್ಕೊಳಿ.

ಯೊಕೊಹಾಮಾ ಧಾರವಾಡ:
ನಂದು ಕೇಳ್ರಿ. ನೀವು ಗೇಟಿನ ಹೊರಗ ನಿಂತಿದ್ರಲ್ಲ, ಅವತ್ತ ರಾತ್ರೀನ ನಾ ಕ್ಲಬ್ ವಿಶ್ವಕಪ್ ನೋಡಾಕ ಜಪಾನ್‌ಗೆ ಹೋಗೂದು ಅಂತ ಠರಾಯಿಸಿದ್ದೆ. ಖರ್ಚು ಬರದಿಟ್ಟೀನಿ. ವಿಮಾನ 4,600 ರಿಯಲ್ (10 ಕಂತು), ಆರು ರಾತ್ರಿ ರೂಮು ಮೂರು ಮಂದಿ ಸೇರಿ ನನ್ನ ಪಾಲಿಗೆ 1,750, ರೈಲು 540, ಪಂದ್ಯದ ಟಿಕೆಟ್ 310, ಊಟ 900, ಅಲ್ಲಿ ಹೋದ ಮ್ಯಾಲೆ ಥಂಡಿ ತಡೀಲಾರದ ತಗೊಂಡ ಕೋಟು 380. ರಜಾ ಉಳಿದಿರಲಿಲ್ಲ, 9 ದಿನದ ಪಗಾರ ಹೋತು, 1,900. ಒಟ್ಟು 10,380. ಆಗ ರಿಯಲ್‌ಗೆ 26 ರೂಪಾಯಿ ಹಿಡದ್ರೂ 2 ಲಕ್ಷ 70 ಸಾವಿರ. ಅದು ಊರಾಗ ಬೋರ್‌ವೆಲ್ ಹಾಕ್ಸಾಕ ಅಂತ ಅಪ್ಪಗ ಕಳಸಬೇಕಾಗಿದ್ದ ರೊಕ್ಕ. ಅಪ್ಪ ಆರು ತಿಂಗಳು ನನ್ನ ಕೂಡ ಮಾತಾಡ್ಲಿಲ್ಲ.

ಡಿಸೆಂಬರ್ 16, ಫೈನಲ್, ಇಂಗ್ಲೆಂಡಿನ ಚೆಲ್ಸೀ ಮ್ಯಾಲೆ 1-0. ಗೆರೇರೊ ತಲೀಲೆ ಹೊಡದ ಗೋಲು ಇದ್ದ ಕಡೆಯಿಂದ ಸರಿಯಾಗಿ ಕಾಣಲಿಲ್ರಿ, ಎಲ್ಲಾರೂ ನನ್ನ ಮ್ಯಾಲೆ ಬಿದ್ರು ಅಂದಾಗ ಗೊತ್ತಾತು. ಆದ್ರ ನಮ್ಮ ಗೋಲ್‌ಕೀಪರ್ ಕಾಸಿಯೋ ಹಿಡದಿದ್ದು ಪೂರಾ ಕಂಡೈತಿ. ನನ್ನ ಪಕ್ಕ ಇದ್ದಾಂವ ಕಾರು ಮಾರಿ ಬಂದಿದ್ದ. ಮೆಂಬರ್‌ಶಿಪ್ ಗಿಂಬರ್‌ಶಿಪ್ ಬಿಡ್ರಿ, ದೊಡ್ಡ ಪಂದ್ಯಕ್ಕ ರೊಕ್ಕ ಕೂಡಿಸಿಡ್ರಿ.

ದುಬೈ ವೆರ್ಡಾವೊ:
ಪೆರ್ಡಿಜೆಸಲ್ಲಿ ಮನೆ ಇಟ್ಕೊಂಡು ಕೊರಿಂಥಿಯನ್ಸ್ ಸ್ಟೇಡಿಯಂ ಇರೋ ಇತಾಕೆರಾಗೆ ಹೋಗೋದಾ? ಆ ಕೆಂಪು ಲೈನ್ ಮೆಟ್ರೋದ ಒಂದು ತುದಿ ಪಾಲ್ಮೇರಾಸ್-ಬಾರ್ರಾ ಫುಂಡಾ, ಇನ್ನೊಂದು ತುದಿ ಕೊರಿಂಥಿಯನ್ಸ್-ಇತಾಕೆರಾ, ಮಧ್ಯೆ ಸಾವೋ ಪೌಲೋ ಪೂರ್ತಿ. ರಾತ್ರಿ 9:30ಕ್ಕೆ ಶುರುವಾಗೋ ಪಂದ್ಯ ಮುಗಿಸಿ ಮಗು ಎತ್ಕೊಂಡು ವಾಪಸ್ ಬರ್ಬೇಕು. ನಾನು ಆರು ವರ್ಷ ಪಾಲ್ಮೇರಾಸ್ ಸ್ಟೇಡಿಯಂ ಹತ್ರದ ಪೊಂಪೆಯಾದಲ್ಲಿದ್ದೆ, ಪಂದ್ಯ ಮುಗಿದು 12 ನಿಮಿಷಕ್ಕೆ ಮನೇಲಿ ಊಟಕ್ಕೆ ಕೂರ್ತಿದ್ದೆ. ನಮ್ಮ ಪಾಲ್ಮೇರಾಸ್ ಗೆದ್ದಿದ್ದು ನೋಡಿ, ಬ್ರೆಜಿಲ್ ಲೀಗ್ 2016, 2018, 2022, 2023. ಲಿಬರ್ಟಡೋರೆಸ್ 2020, 2021 ಬೆನ್ನುಬೆನ್ನಿಗೆ. ಮಗನಿಗೆ ಗೆಲುವು ತೋರಿಸ್ಬೇಕಾ, ಸೋಲು ತೋರಿಸ್ಬೇಕಾ, ನೀವೇ ಯೋಚ್ನೆ ಮಾಡಿ.

ಯೊಕೊಹಾಮಾ ಧಾರವಾಡ:
ಮುಂಡಿಯಾಲ್, ಅಂದ್ರ ಕ್ಲಬ್ ವಿಶ್ವಕಪ್, ಎಲ್ಲೈತ್ರಿ?

ದುಬೈ ವೆರ್ಡಾವೊ:
ಇದನ್ನ ಕೇಳ್ತೀರಂತ ಗೊತ್ತಿತ್ತು. 1951ರ ಕೋಪಾ ರಿಯೋದಲ್ಲಿ ಯುವೆಂಟಸ್‌ನ ಸೋಲಿಸಿದ್ವಿ, ರಿಯೋದ ಮಾರಕಾನಾ ಸ್ಟೇಡಿಯಂನಲ್ಲಿ. ನಿಮ್ಮ 2000ದ ಕಪ್ ಲಿಬರ್ಟಡೋರೆಸ್ ಗೆಲ್ಲದೆ ಆಡಿದ್ದು, ಆತಿಥೇಯ ದೇಶದ ಚಾಂಪಿಯನ್ ಅಂತ ಜಾಗ ಸಿಕ್ತು. ಅದನ್ನ ಎದೆ ಮೇಲೆ ಹೊಲ್ಕೊಂಡು ಓಡಾಡ್ತೀರ.

ನಾನೂ ಸುಮ್ನೆ ಮಾತಾಡ್ತಿಲ್ಲ ಸ್ವಾಮಿ. 2022 ಫೆಬ್ರವರಿ 12, ಅಬುಧಾಬಿ, ಚೆಲ್ಸೀ ಜೊತೆ ಮುಂಡಿಯಾಲ್ ಫೈನಲ್. ದುಬೈಯಿಂದ ಕಾರಲ್ಲಿ ಹೋಗಿದ್ದೆ, ಕೋವಿಡ್ ಟೆಸ್ಟ್ ಎರಡು ಸಲ, ಬಾರ್ಡರಲ್ಲಿ ಫೋನ್‌ನಲ್ಲಿ ಹಸಿರು ಪಾಸ್ ತೋರಿಸ್ಬೇಕಿತ್ತು, ಹಿಂದಿನ ರಾತ್ರಿವರೆಗೂ ಅದು ಬೂದು ಬಣ್ಣದಲ್ಲೇ ಇತ್ತು, ನಿದ್ದೆ ಇಲ್ಲ. ನಮ್ಮ ವೇಗಾ ಪೆನಾಲ್ಟಿಲಿ 1-1 ಮಾಡ್ದಾಗ ನನ್ನ ದನಿ ಹೋಯ್ತು. 117ನೇ ನಿಮಿಷ ಅವರ ಹಾವರ್ಟ್ಸ್ ಪೆನಾಲ್ಟಿ, ಸೋತ್ವಿ. ಪಾರ್ಕಿಂಗಲ್ಲಿ ಒಂದು ಗಂಟೆ ಕೂತಿದ್ದೆ, ಎಸಿ ಹಾಕ್ಕೊಂಡು. ಅವತ್ತು ರಾತ್ರಿನೇ ಹಳೇ ಆಫೀಸಿನ ಗ್ರೂಪಲ್ಲಿ ಇದೇ ‘ಮುಂಡಿಯಾಲ್ ಎಲ್ಲಿ’ ಮೆಸೇಜು 40 ಬಂದಿತ್ತು. ಕೆಲಸ ಕೊಡಿಸಿದ ಸ್ನೇಹಿತನೂ ಕಳ್ಸಿದ್ದ. ಅವನ ಜೊತೆ ಇವತ್ತಿಗೂ ಮಾತಿಲ್ಲ.

ಬೊಂ ರೆಟಿರೊ ಸೊಸೆ:
ಇಬ್ರೂ ಸ್ವಲ್ಪ ಸುಮ್ನಿರ್ತೀರಾ? ಟಿಕೆಟ್ ಖರ್ಚು, ಕಪ್ ಲೆಕ್ಕ ಬಿಟ್ಟು ಬೇರೆ ಮಾತೇ ಇಲ್ಲ. ನಾನು ಮೈಸೂರೋಳು, ಮದುವೆಯಾಗಿರೋದು ಇಲ್ಲಿನವರನ್ನ, ಮನೆ ಬೊಂ ರೆಟಿರೊ. 1910ರ ಸೆಪ್ಟೆಂಬರ್ 1ಕ್ಕೆ ಐದು ಜನ ಕೂಲಿಕಾರರು ಬೀದಿ ದೀಪದ ಕೆಳಗೆ ಕೊರಿಂಥಿಯನ್ಸ್ ಕ್ಲಬ್ ಕಟ್ಟಿದ ಜಾಗ ನಮ್ಮನೆಯಿಂದ ಮೂರು ಬೀದಿ ಆಚೆ. ಮೊದಲ ಅಧ್ಯಕ್ಷ ಒಬ್ಬ ದರ್ಜಿ.

ನಮ್ಮ ಮಾವ 1976ರ ಡಿಸೆಂಬರ್ 5ಕ್ಕೆ ಮಾರಕಾನಾಗೆ ಹೋದ 70 ಸಾವಿರದಲ್ಲಿ ಒಬ್ರು. 400 ಕಿಲೋಮೀಟರ್ ದಾರಿ, ಫೋಕ್ಸ್‌ವ್ಯಾಗನ್ ಬೀಟಲಲ್ಲಿ ಆರು ಜನ, ಮಾವ ಮಧ್ಯದಲ್ಲಿ ಗೇರ್ ಮೇಲೆ ಕಾಲಿಟ್ಕೊಂಡು. ಜೋರು ಮಳೆ. ಬ್ರೆಜಿಲ್ ಲೀಗ್ ಸೆಮಿಫೈನಲ್, ಎದುರುಗಡೆ ರಿಯೋದ ಫ್ಲುಮಿನೆನ್ಸ್, ಅವರ ಕಡೆ ಆಡ್ತಿದ್ದಿದ್ದು ರಿವೆಲಿನೊ. 1974ರ ರಾಜ್ಯ ಫೈನಲ್ ಸೋತಿದ್ದಕ್ಕೆ ತಪ್ಪೆಲ್ಲ ಅವನ ತಲೆಗೆ ಕಟ್ಟಿ ನಾವೇ ಓಡಿಸಿದ ನಮ್ಮ ಹುಡುಗ. 1-1, ಪೆನಾಲ್ಟಿಲಿ ಗೋಲ್‌ಕೀಪರ್ ಟೊಬಿಯಾಸ್ ಎರಡು ಹಿಡಿದ. ಗೆದ್ರು, ಆಮೇಲೆ ಫೈನಲ್ ಸೋತ್ರು. ಮರುವರ್ಷ ಅಕ್ಟೋಬರ್ 13ಕ್ಕೆ ಬಸೀಲಿಯೊ ಗೋಲಿಂದ ಪೊಂಟೆ ಪ್ರೆಟಾ ಮೇಲೆ 1-0, ರಾಜ್ಯ ಚಾಂಪಿಯನ್ ಆಗದ 22 ವರ್ಷ 8 ತಿಂಗಳ ಬರಗಾಲ ಮುಗೀತು. ಅವತ್ತು ಕಾಲಲ್ಲಿದ್ದ ಚಪ್ಪಲಿ ಒಂದೇ ಉಳಿದಿದ್ದು, ಅದನ್ನ ಮಾವ ಇನ್ನೂ ಬೀರುಲಿಟ್ಟಿದಾರೆ, ಬಾರು ಹಳದಿಯಾಗಿ ಬಿರುಕು ಬಿಟ್ಟಿದೆ. ನಾನು ಒಂದ್ಸಲ ಕ್ಲೀನ್ ಮಾಡುವಾಗ ಕಸಕ್ಕೆ ಹಾಕಿ ಮನೇಲಿ ದೊಡ್ಡ ರಾದ್ಧಾಂತ ಆಯ್ತು. ರಾತ್ರಿ 11 ಗಂಟೇಲಿ ಬಿಲ್ಡಿಂಗ್ ಕಸದ ಡಬ್ಬಿಗೆ ಕೈ ಹಾಕಿ ಹುಡುಕಿ ತಂದೆ.

2024ರ ನವೆಂಬರಲ್ಲಿ ಕೊರಿಂಥಿಯನ್ಸ್ ಫ್ಯಾನ್ ಸಂಘ ಗಾವಿಯೋಯಿಸ್‌ನವ್ರು ಸ್ಟೇಡಿಯಂ ಸಾಲ ತೀರಿಸೋಕೆ ಚಂದಾ ಶುರು ಮಾಡಿದ್ರಲ್ಲ, ಮಾವ ಪಿಂಚಣಿಯಿಂದ ತಿಂಗಳಿಗೆ 50 ರಿಯಲ್ ಹಾಕಿದ್ರು. ಫೋನಲ್ಲಿ ದುಡ್ಡು ಕಳ್ಸೋ ಪಿಕ್ಸ್ ಮಾಡೋಕೆ ಬರಲ್ಲ ಅವರಿಗೆ, ನನ್ನ ಕೈಲೇ ಮಾಡ್ಸೋರು.

ಯೊಕೊಹಾಮಾ ಧಾರವಾಡ:
ಅಕ್ಕಾರ, ಮಾವನ ಮ್ಯಾಲೆ ಗೌರವ ಐತಿ. ಆದ್ರ ಆ ಚಂದಾ ನಂಗ ಸೇರಂಗಿಲ್ರಿ. 70 ಕೋಟಿ ರಿಯಲ್ ಸಾಲ, ಕೂಡಿದ್ದು 4 ಕೋಟಿ ಚಿಲ್ಲರೆ. ಸಾಲ ಮಾಡಿದವರು ಯಾರೋ, ಪಿಂಚಣಿ ತಗೊಳ್ಳೋರು ಯಾಕ ತೀರಿಸಬೇಕು? ನಾ ಒಂದು ಪೈಸೆ ಹಾಕಿಲ್ಲ.

ಬೊಂ ರೆಟಿರೊ ಸೊಸೆ:
ಬೋರ್‌ವೆಲ್ ದುಡ್ಡಲ್ಲಿ ಜಪಾನ್‌ಗೆ ಹೋದವ್ರು ಮಾವನ 50 ರಿಯಲ್ ಲೆಕ್ಕ ಕೇಳ್ಬೇಡಿ. ಈ ಕ್ಲಬ್ಬಿನ ಮೊದಲ ಚೆಂಡು ತಗೊಂಡಿದ್ದೂ ಬೀದಿಲಿ ಚಂದಾ ಎತ್ತಿಯೇ. ಅವರಿಗೆ ಅದು ಸಾಲ ಅಲ್ಲ, ಮನೆ ರಿಪೇರಿ.

ಯೊಕೊಹಾಮಾ ಧಾರವಾಡ:
ಬೋರ್‌ವೆಲ್ ಮಾತು ಎತ್ತಬಾರದಿತ್ತು ನೀವು. 2014ಕ್ಕ ಹಾಕ್ಸಿ ಕೊಟ್ಟೀನಿ, ಬಡ್ಡಿ ಸಮೇತ.

ಸೀರಿ ಬಿ 2008:
ನಾನು ಹಾಕಿದೀನಿ, 200. ಮತ್ತೆ ಗಾವಿಯೋಯಿಸ್ ಅಂದ್ರೆ ಬರೀ ಗಲಾಟೆ ಅನ್ನೋರಿಗೆ ಹೇಳ್ತೀನಿ, 1979ರಲ್ಲಿ ಮಿಲಿಟರಿ ಆಡಳಿತ ಇದ್ದಾಗ್ಲೇ ಮೊರುಂಬಿ ಸ್ಟೇಡಿಯಂನಲ್ಲಿ ರಾಜಕೀಯ ಕೈದಿಗಳನ್ನ ಬಿಡಿ ಅಂತ ಬ್ಯಾನರ್ ಬಿಚ್ಚಿದೋರು ಅವ್ರು. ಆಮೇಲೆ ಸೊಕ್ರಟಿಸ್, ವ್ಲಾಡಿಮಿರ್, ಕಾಸಾಗ್ರಾಂಡಿ ಆಡ್ತಿದ್ದ ಕಾಲದಲ್ಲಿ ತಂಡದ ಒಳಗೇ ಓಟು, ಪಂದ್ಯಕ್ಕೆ ಮುಂಚೆ ಹೋಟೆಲಲ್ಲಿ ಕೂಡಿಹಾಕೋದು ಬೇಕಾ ಬೇಡ್ವಾ ಅನ್ನೋದಕ್ಕೂ ಓಟು, ಸ್ಟಾರ್ ಆಟಗಾರನಿಗೂ ಒಂದೇ, ಸಾಮಾನು ನೋಡ್ಕೊಳ್ಳೋನಿಗೂ ಒಂದೇ. ಹಾಗೆ ಆಡಿ 1982, 83 ಎರಡೂ ವರ್ಷ ರಾಜ್ಯ ಚಾಂಪಿಯನ್. ಬೇರೆ ಯಾವ ಕ್ಲಬ್ಬಲ್ಲಿ ಆಯ್ತು ಇದು?

ದುಬೈ ವೆರ್ಡಾವೊ:
ಕಷ್ಟ ಪಟ್ಟೋರು ನೀವೊಬ್ರೇ ಅಲ್ಲ. ನಮ್ಮದು ಇಟಲಿಯಿಂದ ಬಂದ ವಲಸಿಗರ ಕ್ಲಬ್, ಪಾಲೆಸ್ಟ್ರಾ ಇಟಾಲಿಯಾ. 1942ರಲ್ಲಿ ಯುದ್ಧದ ಹೆಸರಲ್ಲಿ ಹೆಸರೇ ಬದಲಾಯಿಸಿದ್ರು. ಹೊಸ ಹೆಸರಲ್ಲಿ ಮೊದಲ ಪಂದ್ಯಕ್ಕೆ ಬ್ರೆಜಿಲ್ ಬಾವುಟ ಹಿಡ್ಕೊಂಡು ಮೈದಾನಕ್ಕೆ ಇಳಿದ್ರು. ವಿದೇಶದಲ್ಲಿ ಇಪ್ಪತ್ತು ವರ್ಷ ಇದ್ದೋನಿಗೆ ಅದು ಅರ್ಥ ಆಗುತ್ತೆ. ನಾನು ಹಸಿರು ಆರಿಸಿದ್ದು ಕಪ್ ನೋಡಿ ಅಲ್ಲ, ಇದನ್ನ ಕೇಳಿ.

ಬೊಂ ರೆಟಿರೊ ಸೊಸೆ:
ಇದನ್ನ ಮೊದ್ಲೇ ಹೇಳಿದ್ರೆ ನಾನೂ ಮರ್ಯಾದೆಯಾಗಿ ಕೇಳ್ತಿದ್ದೆ.

ಕಡಲೆಕಾಯಿ ಸಸ್ಯಾಹಾರಿ:
ಯಾರೂ ಊಟದ ವಿಷಯ ಹೇಳ್ಲಿಲ್ಲ. ಗೇಟ್ ಹೊರಗೆ ಹಂದಿ ಮಾಂಸದ ಪೆರ್ನಿಲ್ ಸ್ಯಾಂಡ್‌ವಿಚ್ ಹೊಗೆನೇ ಹೊಗೆ, ನಮ್ಮೋಳಿಗೆ ಮೊದಲ ಸಲ ವಾಂತಿ ಬಂದು ಅಲ್ಲಿಂದಲೇ ವಾಪಸ್ ಬಂದ್ವಿ, ಮೂರು ಟಿಕೆಟ್ ದುಡ್ಡು ನೀರಲ್ಲಿ. ಈಗ ಮನೆಯಿಂದ ಚಪಾತಿ ತಿಂದ್ಕೊಂಡು ಹೊರಡ್ತೀವಿ, ಅಲ್ಲಿ ಕಡಲೆಕಾಯಿ, ಪಾಪ್‌ಕಾರ್ನ್ ಸಿಗುತ್ತೆ. ನಾರ್ಟೆ ಬೇಡ, ಅಲ್ಲಿ ಕುರ್ಚಿ ಇಲ್ಲ, 90 ನಿಮಿಷ ನಿಂತೇ ಇರ್ಬೇಕು, ಮಗುಗೆ ಮುಂದಿನೋರ ಬೆನ್ನು ಬಿಟ್ರೆ ಏನೂ ಕಾಣಲ್ಲ.

ಸೀರಿ ಬಿ 2008:
ನಾರ್ಟೆ ನೋಡದೆ ಕೊರಿಂಥಿಯನ್ಸ್ ನೋಡಿದ ಹಾಗಲ್ಲ. 9 ವರ್ಷ ಏನ್ ಸಣ್ಣದಾ?

ಕಡಲೆಕಾಯಿ ಸಸ್ಯಾಹಾರಿ:
ನಿಮಗೆ ಮಕ್ಕಳಿದಾರಾ ಸರ್?

ಬೊಂ ರೆಟಿರೊ ಸೊಸೆ:
ಲೆಸ್ಟೆ ತಗೊಳಿ. ಪಾಲ್ಮೇರಾಸ್ ಜೊತೆಗಿನ ಪಂದ್ಯಕ್ಕೆ ಮೊದಲ ಸಲ ಕರ್ಕೊಂಡು ಹೋಗ್ಬೇಡಿ. 2016ರಿಂದ ಡರ್ಬಿಗೆ ಒಂದೇ ಕಡೆಯೋರನ್ನ ಒಳಗೆ ಬಿಡೋದು ನಿಜ, ಆದ್ರೆ ನಿಮ್ಮ ಸ್ಟೇಷನ್ನು ಆ ಕಡೇದು. ಗೇಟಲ್ಲಿ ಮುಖ ಸ್ಕ್ಯಾನ್ ಇದೆ, ಕಡೇ ದಿನದವರೆಗೂ ಕಾಯದೆ ನೋಂದಣಿ ಮಾಡಿ. ಮಹಿಳಾ ತಂಡದ ಪಂದ್ಯದಿಂದ ಶುರು ಮಾಡಿದ್ರೂ ಆಗುತ್ತೆ, ಫೈನಲ್‌ಗೆ 40 ಸಾವಿರದ ಮೇಲೆ ಜನ ಸೇರಿದ್ದು ಇದೇ ಸ್ಟೇಡಿಯಂನಲ್ಲಿ, ನನ್ನ ಮಗಳ ಮೊದಲ ಪಂದ್ಯ ಅದೇ.

ಪೆರ್ಡಿಜೆಸ್ ಅಪ್ಪ:
ಎಲ್ರಿಗೂ ಧನ್ಯವಾದ. ಈ ಭಾನುವಾರಕ್ಕೆ ಲೆಸ್ಟೆಲಿ ಮೂರು ಟಿಕೆಟ್ ತಗೊಂಡೆ, ಮೆಂಬರ್‌ಶಿಪ್ ಆಮೇಲೆ ನೋಡೋಣ. ಮಗ ಈಗ್ಲೇ ಬ್ಯಾಗ್ ಜೋಡಿಸ್ಕೊಂಡಿದಾನೆ. ಅವನ ಸ್ಕೂಲ್ ನೀರಿನ ಬಾಟ್ಲಿ ಹಸಿರು. ತಗೊಂಡು ಹೋಗ್ಬಹುದಾ, ಇಲ್ಲಾ ಮನೇಲೇ ಬಿಡಬೇಕಾ?

ಯೊಕೊಹಾಮಾ ಧಾರವಾಡ:
ಮನ್ಯಾಗ ಬಿಡ್ರಿ.

ಬೊಂ ರೆಟಿರೊ ಸೊಸೆ:
ಮನೇಲಿ ಬಿಡಿ.

ಸೀರಿ ಬಿ 2008:
ಬಿಟ್ಟು ಬನ್ನಿ. ನನ್ನ ಮಗಳದ್ದು ಕಪ್ಪು ಬಾಟ್ಲಿ ಒಂದಿದೆ, ಗೇಟ್ ಹತ್ರ ಕೊಡ್ತೀನಿ.