160 ಕ್ರೆಡಿಟ್‌ನಲ್ಲಿ ತಲೆಯಲ್ಲಿ ಉಳಿದಿದ್ದೆಷ್ಟು?

ಐದನೇ ಸೆಮ್, ದಾವಣಗೆರೆ:
ಮೆಕ್ಯಾನಿಕಲ್ ಓದ್ತಾ ಇದ್ದೇನೆ, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿವಿ) 2022ರ ಸ್ಕೀಮ್, ಅಂದರೆ ಆ ವರ್ಷದ ಪಠ್ಯಕ್ರಮ, ನಾಲ್ಕು ವರ್ಷಕ್ಕೆ 160 ಕ್ರೆಡಿಟ್ (ಪಾಠದ ಗಂಟೆ ನೋಡಿ ಒಂದೊಂದು ಸಬ್ಜೆಕ್ಟ್‌ಗೆ ಕೊಡೋ ತೂಕ). ಮೊನ್ನೆ ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಇಲ್ಲಿವರೆಗೆ ಮುಗಿಸಿದ ಸಬ್ಜೆಕ್ಟ್‌ಗಳನ್ನೆಲ್ಲ ಬರೆದೆ, ಪುಸ್ತಕ ಮುಚ್ಚಿಟ್ಟು ಒಂದು ಲೆಕ್ಕ ಬಿಡಿಸು ಅಂದರೆ ಈಗ ಬಿಡಿಸ್ತೀನಾ ಅಂತ ಕೇಳಿಕೊಳ್ಳುತ್ತಾ ಒಂದೊಂದಕ್ಕೆ ಟಿಕ್ ಹಾಕುತ್ತಾ ಹೋದೆ. ಬಿದ್ದಿದ್ದು ನಾಲ್ಕೇ ಟಿಕ್. ಬ್ಯಾಕ್ ಒಂದೂ ಇಲ್ಲ, ಎಲ್ಲಾ ಪಾಸು! ತಪ್ಪು ನನ್ನದಾ, ಸಿಲಬಸ್‌ದಾ? ಇದನ್ನು ಅಳೆಯೋದು ಹೇಗೆ?

ಹರಿಹರ ವರ್ಕ್‌ಶಾಪ್:
ತಮ್ಮಾ, ನಮ್ಮದು 2018ರ ಸ್ಕೀಮ್, 175 ಕ್ರೆಡಿಟ್ ಇತ್ತು. ಕಮ್ಮಿ ಮಾಡಿದ ತಕ್ಷಣ ಹೊರೆ ಇಳಿಯಿತು ಅಂತ ಅಲ್ಲ. ನನಗೆ ಕೆಲಸದಲ್ಲಿ ದಿನಾ ಬೇಕಾಗೋದು ಡ್ರಾಯಿಂಗ್ ಓದೋದು ಮತ್ತು ಟಾಲರೆನ್ಸ್, ಅಂದರೆ ಅಳತೆ ಎಷ್ಟು ಹೆಚ್ಚುಕಮ್ಮಿ ಆದರೆ ನಡೆಯುತ್ತೆ ಅನ್ನೋದು. ಅದನ್ನು ಕಲಿತಿದ್ದು ಇಲ್ಲಿ, ಮಿಷಿನ್ ಮುಂದೆ ಬೈಸಿಕೊಂಡು.

ಹಾಜರಿ ಪುಸ್ತಕ:
ನಾನು ಪಾಠ ಮಾಡುವವನು, ಕಾಲೇಜಿನ ಹೆಸರು ಬೇಡ. ಅಳೆಯೋಕೆ ನಮ್ಮ ಹತ್ತಿರ ಒಂದು ಪದ್ಧತಿ ಇದೆ, ಸಿಒ (ಕೋರ್ಸ್ ಔಟ್‌ಕಮ್) ಅಟೈನ್‌ಮೆಂಟ್ ಅಂತಾರೆ, ಕೋರ್ಸಿನಿಂದ ಕಲಿಯಬೇಕಾದ್ದನ್ನು ಎಷ್ಟು ಕಲಿತರು ಅನ್ನೋ ಲೆಕ್ಕ. ಇಂತಿಷ್ಟು ಅಂಕ ದಾಟಿದವರು ಎಷ್ಟು ಜನ ಅಂತ ಎಕ್ಸೆಲ್‌ನಲ್ಲಿ ತುಂಬಿ ಎನ್‌ಬಿಎ (ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಮಂಡಳಿ) ಫೈಲಿಗೆ ಸೇರಿಸುತ್ತೇವೆ. ಅದು ಅಂಕವನ್ನು ಅಳೆಯುತ್ತದೆ ಅಷ್ಟೇ. ಪ್ರಶ್ನೆ ಪತ್ರಿಕೆ ನೋಡಿ: ಐದು ಮಾಡ್ಯೂಲ್, ಒಂದೊಂದಕ್ಕೆ 20 ಅಂಕ, ಎರಡು ಪ್ರಶ್ನೆಯಲ್ಲಿ ಒಂದನ್ನು ಬರೆದರೆ ಸಾಕು. ಹಳೇ ಪತ್ರಿಕೆ ಐದಾರು ತಿರುವಿದ ಹುಡುಗ ಅರ್ಧ ಸಿಲಬಸ್ ಬಿಟ್ಟರೂ ದಾಟುತ್ತಾನೆ, ನಮ್ಮ ಶೀಟಿನಲ್ಲಿ ಅವನು ಕಲಿತವನೇ. ಐದನೇ ಮಾಡ್ಯೂಲಂತೂ ಕೊನೇ ವಾರದಲ್ಲಿ ಓಡಿಸಿಕೊಂಡು ಮುಗಿಸುತ್ತೇವೆ, ಒಪ್ಕೊಳ್ತೀನಿ.

ದುರ್ಗದ ಹುಡುಗಿ:
ಸರ್ ಹೇಳಿದ್ದು ಸರಿ, ಆದ್ರೆ ಲ್ಯಾಬ್ ವಿಷಯ ಯಾರೂ ಎತ್ತಲಿಲ್ಲ. ಥಿಯರಿ ವಾರಕ್ಕೆ ಒಂದು ಗಂಟೆಗೆ ಒಂದು ಕ್ರೆಡಿಟ್, ಲ್ಯಾಬ್ ಆದರೆ ಎರಡು ಗಂಟೆಗೆ ಒಂದು. ಅಂದ್ರೆ ಕೈ ಕೆಲಸಕ್ಕೆ ಅರ್ಧ ಬೆಲೆ, ಅಲ್ವಾ? ಆ ಎರಡು ಗಂಟೆಯಲ್ಲೂ ನಮ್ಮ ಬ್ಯಾಚಿನಲ್ಲಿ ಒಬ್ಬ ಲೇತ್ ಮುಟ್ಟುತ್ತಾನೆ, ಉಳಿದವರು ಸುಮ್ನೆ ಗೋಡೆಗೆ ಒರಗಿರ್ತೀವಿ. ರೀಡಿಂಗ್ ಸೀನಿಯರ್ ರೆಕಾರ್ಡಿನಿಂದ ಬರುತ್ತೆ. ನಮ್ಮ ಬ್ಯಾಚಿನ ಪುಣ್ಯ, ಆ ಸೀನಿಯರ್ ಅಕ್ಷರ ದುಂಡಗಿತ್ತು. ನಿಮ್ಮ ನಾಲ್ಕು ಟಿಕ್ ಯಾವುದಕ್ಕೆ ಬಿತ್ತು, ಒಮ್ಮೆ ನೋಡಿ ಹೇಳಿ.

ಐದನೇ ಸೆಮ್, ದಾವಣಗೆರೆ:
ನೋಡಿದೆ. ಮೂರು ಟಿಕ್ ಬಿದ್ದಿದ್ದು ಲ್ಯಾಬ್ ಇದ್ದ ಸಬ್ಜೆಕ್ಟ್‌ಗಳಿಗೆ, ಅದೂ ನಮ್ಮ ಬ್ಯಾಚಿನಲ್ಲಿ ಮಿಷಿನ್ ಮುಟ್ಟುತ್ತಿದ್ದವನು ನಾನೇ. ನಾಲ್ಕನೆಯದು ಮೊದಲ ಸೆಮ್ ಮ್ಯಾಥ್ಸ್. ಅದನ್ನು ಪಕ್ಕದ ರೂಮಿನ ಜೂನಿಯರ್‌ಗೆ ಪರೀಕ್ಷೆ ಹಿಂದಿನ ಎರಡು ರಾತ್ರಿ ಹೇಳಿಕೊಟ್ಟಿದ್ದೆ.