ನಾಲ್ಕು ರೂಮಿನ ಹೋಂಸ್ಟೇ ಸೈಟ್‌ಗೆ ಯಾವ ಹೋಸ್ಟಿಂಗ್? ವರ್ಷಕ್ಕೆ 3,000 ರೂ. ಒಳಗೆ ಮುಗಿಯಬೇಕು

ನಾಲ್ಕುನಾಡು (ಪ್ರಶ್ನೆ)

ನಾಪೋಕ್ಲು ಹತ್ತಿರದ ನಾಲ್ಕು ರೂಮಿನ ಹೋಂಸ್ಟೇಗೆ ಸೈಟ್ ಬೇಕು. ಆರೇಳು ಪುಟ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ. 40 ಫೋಟೊ, ರೂಮ್ ರೇಟು, ಬರುವ ದಾರಿ, ವಿಚಾರಣೆಗೆ ಒಂದು ಫಾರ್ಮ್. ತೋಟದ ಕಾಳುಮೆಣಸು, ಜೇನಿನ ಪುಟ ಮುಂದೆ ಸೇರಬಹುದು. ಆನ್‌ಲೈನ್ ಪೇಮೆಂಟ್ ಸದ್ಯಕ್ಕೆ ಬೇಡ. ದಿನಕ್ಕೆ 50 ಜನ ನೋಡಿದರೆ ಅದೇ ಹೆಚ್ಚು. ಡಿಸೆಂಬರ್ ಕೊನೆ ವಾರ ಮಾತ್ರ ಸ್ವಲ್ಪ ಜಾಸ್ತಿ.

ಹೋಸ್ಟಿಂಗ್‌ಗೆ, ಅಂದರೆ ಸೈಟ್ ಇಡುವ ಸರ್ವರ್ ಜಾಗಕ್ಕೆ, ಎರಡು ಪ್ಲಾನ್ ನೋಡಿಟ್ಟಿದ್ದೇನೆ. ಒಂದನೆಯದು ತಿಂಗಳಿಗೆ 149 ರೂ., ಆದರೆ 36 ತಿಂಗಳದ್ದು ಒಟ್ಟಿಗೆ ಕಟ್ಟಬೇಕು. ಡೊಮೈನ್ (ಸೈಟ್‌ನ ಹೆಸರು) ಒಂದು ವರ್ಷ ಫ್ರೀ, ಎಲ್ಲವೂ ‘ಅನ್‌ಲಿಮಿಟೆಡ್’ ಅಂತ ಬರೆದಿದ್ದಾರೆ. ಎರಡನೆಯದು ವರ್ಷಕ್ಕೆ 1,800 ರೂ., 10 ಜಿಬಿ ಜಾಗ, ಮುಂಬೈ ಸರ್ವರ್, ಡೊಮೈನ್ ಇಲ್ಲ. ಯಾವುದು ತಗೊಳ್ಳಲಿ?

ಕುಶಾಲನಗರ್_ಡೆವ್

ಮೊದಲು ಎರಡೂ ಪ್ಲಾನ್ ಕಾರ್ಟ್‌ಗೆ ಹಾಕಿ, ದುಡ್ಡು ಕಟ್ಟುವ ಪುಟದ ತನಕ ಹೋಗಿ ನಿಲ್ಲಿಸಿ. ರಿನ್ಯೂವಲ್ ದರ ಅಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತೆ. ಕೇಳದೇ ಟಿಕ್ ಆಗಿರುವ ‘ಸೆಕ್ಯೂರಿಟಿ’, ‘ಎಸ್‌ಇಒ’ ಎಲ್ಲ ಅಲ್ಲೇ ಕಾಣುತ್ತವೆ, ತೆಗೆದುಹಾಕಿ. ಆ ದರ ಎಷ್ಟು ಅಂತ ಇಲ್ಲಿ ಹಾಕಿ, ಆಮೇಲೆ ಲೆಕ್ಕ ಮಾಡೋಣ.

ನಾಲ್ಕುನಾಡು

ನೋಡಿದೆ. ಒಂದನೆಯದರ ರಿನ್ಯೂವಲ್ ತಿಂಗಳಿಗೆ 449 ರೂ., ಎರಡನೆಯದರದ್ದು ವರ್ಷಕ್ಕೆ 2,100. ಎರಡಕ್ಕೂ ಜಿಎಸ್‌ಟಿ ಬೇರೆ.

ಕುಶಾಲನಗರ್_ಡೆವ್

ಹಾಗಾದರೆ 18% ಜಿಎಸ್‌ಟಿ ಸೇರಿಸಿ ನೋಡಿ. ಮೊದಲ ಮೂರು ವರ್ಷಕ್ಕೆ ಒಂದನೆಯದು ಸುಮಾರು 6,330 ರೂ., ಎರಡನೆಯದು 7,080. ಇಲ್ಲಿ ನಿಮಗೆ 750 ರೂ. ಉಳಿಯಿತು. ನಾಲ್ಕನೇ ವರ್ಷ ಒಂದನೆಯದಕ್ಕೆ 6,358 ರೂ. ಕಟ್ಟಬೇಕು, ಅಂದರೆ ಹಿಂದಿನ ಮೂರೂ ವರ್ಷ ಸೇರಿ ಕಟ್ಟಿದ್ದಕ್ಕಿಂತ ಹೆಚ್ಚು. ಎರಡನೆಯದಕ್ಕೆ ಅದೇ ವರ್ಷ 2,478. ಐದು ವರ್ಷ ಒಟ್ಟು ಹಿಡಿದರೆ 19,045 ಮತ್ತು 12,036. ನನ್ನ ಓಟು ಎರಡನೆಯದಕ್ಕೆ.

‘ಅನ್‌ಲಿಮಿಟೆಡ್’ ಅನ್ನೋದು ಮಾತಿಗೆ. ನಿಮ್ಮ ಪುಟ ಒಂದು 2 ಎಂಬಿ ಇದ್ದು, ಒಬ್ಬೊಬ್ಬರು ಮೂರು ಪುಟ ನೋಡಿ, ದಿನಕ್ಕೆ 50 ಜನ ಬಂದರೂ ತಿಂಗಳಿಗೆ 9 ಜಿಬಿ ಆಗುತ್ತೆ, ಅಷ್ಟೇ. ಬ್ಯಾಂಡ್‌ವಿಡ್ತ್ (ಹೀಗೆ ಹೋಗುವ ಡೇಟಾದ ಮಿತಿ) ನಿಮಗೆ ಯಾವತ್ತೂ ಮುಗಿಯಲ್ಲ. ಸೈಟ್ ನಿಲ್ಲೋದು ಸಿಪಿಯು, ಮೆಮೊರಿ ಮಿತಿಯಿಂದ, ಇಲ್ಲವೇ ಐನೋಡ್ ಮಿತಿಯಿಂದ. ಐನೋಡ್ ಅಂದರೆ ಫೈಲ್‌ಗಳ ಎಣಿಕೆ, ಗಾತ್ರ ಅಲ್ಲ. ವರ್ಡ್‌ಪ್ರೆಸ್‌ಗೆ (ಕೋಡ್ ಬರೆಯದೇ ಸೈಟ್ ನಡೆಸುವ ತಂತ್ರಾಂಶ) ಫೋನಿನ ಒಂದು ದೊಡ್ಡ ಫೋಟೊ ಹಾಕಿದರೆ ಅದು ತಾನೇ ಏಳು ಬೇರೆ ಬೇರೆ ಅಳತೆಯ ಪ್ರತಿ ಮಾಡುತ್ತೆ, ಮೂಲ ಸೇರಿ ಎಂಟು. ಥೀಮ್ ತನ್ನ ಪಾಲಿಗೆ ಇನ್ನೆರಡು ಸೇರಿಸಿದರೂ ಆಶ್ಚರ್ಯ ಇಲ್ಲ. 40 ಫೋಟೊಗೆ ಏನೂ ಆಗಲ್ಲ, ಆದರೆ ಮಿತಿ ಎಷ್ಟು ಅಂತ ಪ್ಲಾನ್ ಪುಟದಲ್ಲಿ ಬರೆಯದ ಕಂಪನಿಗೆ ಒಂದು ಮೇಲ್ ಹಾಕಿ ಕೇಳಿ. ಉತ್ತರ ಎಷ್ಟು ಹೊತ್ತಿಗೆ ಬರುತ್ತೆ ಅನ್ನೋದೂ ಆಗ ಗೊತ್ತಾಗುತ್ತೆ.

ಸರ್ವರ್ ಎಲ್ಲಿದೆ ಅನ್ನೋದು ಮುಖ್ಯ. ನಿಮ್ಮ ಗಿರಾಕಿಗಳು ಹೆಚ್ಚಾಗಿ ಬೆಂಗಳೂರು, ಮೈಸೂರು, ಕೇರಳ ಕಡೆಯವರು. ಅಮೆರಿಕದ ಸರ್ವರ್‌ಗೆ ಒಂದು ಸಲ ಹೋಗಿಬರೋಕೆ 200 ಮಿಲಿಸೆಕೆಂಡ್‌ಗೂ ಹೆಚ್ಚು ಬೇಕು. ಸಂಪರ್ಕ, ಎಸ್‌ಎಸ್‌ಎಲ್ (ಸಂಪರ್ಕಕ್ಕೆ ಗೂಢಲಿಪಿಯ ಬೀಗ), ಪುಟ ಕೇಳೋದು ಅಂತ ಮೂರು ಸಲ ಓಡಾಡಿದ ಮೇಲೇ ಮೊದಲ ಅಕ್ಷರ ಬರೋದು. ಮುಂಬೈ ಸರ್ವರ್ ಇದ್ದರೆ ಆ ಕಾಟ ಇಲ್ಲ.

ಎಸ್‌ಎಸ್‌ಎಲ್‌ಗೆ ಬೇರೆ ದುಡ್ಡು ಕೇಳಿದರೆ ಆ ಪ್ಲಾನ್ ಬಿಟ್ಟುಬಿಡಿ. ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಫ್ರೀ, ಹೋಸ್ಟ್ ಕಡೆಯಿಂದ ತಾನೇ ನವೀಕರಣ ಆಗಬೇಕು.

ಕಾಫಿಹೂ

ಇಷ್ಟಕ್ಕೆಲ್ಲ ಹೋಸ್ಟಿಂಗ್ ಯಾಕೆ ಕೊಳ್ಳಬೇಕು ಅಂತ ನನ್ನ ಪ್ರಶ್ನೆ. ಆರೇಳು ಪುಟ, ವರ್ಷಕ್ಕೆ ಎರಡು ಸಲ ರೇಟು ಬದಲಾವಣೆ. ಇದಕ್ಕೆ ಸ್ಟ್ಯಾಟಿಕ್ ಸೈಟ್ (ಸಿದ್ಧ ಪುಟಗಳನ್ನು ಹಾಗೇ ತೋರಿಸುವ ಸೈಟ್) ಸಾಕು. ಅಂಥ ಸೈಟ್ ಇಡೋಕೆ ಇರುವ ಕ್ಲೌಡ್‌ಫ್ಲೇರ್ ಪೇಜಸ್‌ನ ಫ್ರೀ ಪ್ಲಾನ್‌ನಲ್ಲಿ ಒಂದು ಫೈಲ್ 25 ಎಂಬಿ ದಾಟಬಾರದು, ಒಟ್ಟು 20,000 ಫೈಲ್ ತನಕ ಹಾಕಬಹುದು. ನಿಮಗೆ ನೂರೂ ಆಗಲ್ಲ. ಖರ್ಚು ಅಂದರೆ ಡೊಮೈನ್ ಮಾತ್ರ. ಡೇಟಾಬೇಸ್ ಇಲ್ಲ, ಹ್ಯಾಕ್ ಆಗೋಕೆ ಲಾಗಿನ್ ಪುಟವೂ ಇಲ್ಲ. ಫಾರ್ಮ್ ಬದಲಿಗೆ ವಾಟ್ಸಾಪ್ ಬಟನ್ ಇಡಿ, ಹೋಂಸ್ಟೇ ಕೇಳುವವರು ಹೇಗಿದ್ದರೂ ಅಲ್ಲೇ ಕೇಳ್ತಾರೆ.

ಒಂದು ಕಡೆ ಎಡವುತ್ತಾರೆ. ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇಲ್ಲದ ಬರೀ ಹೆಸರೂ ಕೆಲಸ ಮಾಡಬೇಕಾದರೆ ಡೊಮೈನ್‌ನ ನೇಮ್‌ಸರ್ವರ್ (ಆ ಹೆಸರು ಎಲ್ಲಿಗೆ ಹೋಗಬೇಕು ಅಂತ ಹೇಳುವ ಸರ್ವರ್) ಕ್ಲೌಡ್‌ಫ್ಲೇರ್‌ಗೆ ಬದಲಾಯಿಸಲೇಬೇಕು. ಬರೀ ಸಿನೇಮ್ ದಾಖಲೆ (ಒಂದು ಹೆಸರಿನಿಂದ ಇನ್ನೊಂದು ಹೆಸರಿಗೆ ಕಳಿಸುವ ಸಾಲು) ಹಾಕಿ ಕಾದು ಕೂತರೆ ಬರಲ್ಲ. ಇಂಥದ್ದೇ ಇನ್ನೊಂದು ಸೇವೆ ಗಿಟ್‌ಹಬ್ ಪೇಜಸ್ ಬೇಡ, ವ್ಯಾಪಾರದ ಸೈಟ್ ಇಡೋಕೆ ಅಲ್ಲ ಅಂತ ಅವರ ನಿಯಮದಲ್ಲೇ ಇದೆ.

ನಾಲ್ಕುನಾಡು

ರೇಟು, ರೂಮ್ ಖಾಲಿ ಇದೆಯೋ ಇಲ್ಲವೋ ಅನ್ನೋದನ್ನ ಅತ್ತಿಗೆ ಫೋನಿಂದಲೇ ಬದಲಾಯಿಸುತ್ತಾರೆ. ಕೋಡ್ ಅವರಿಗೆ ಆಗಲ್ಲ. ಆದ್ದರಿಂದ ವರ್ಡ್‌ಪ್ರೆಸ್ಸೇ ಸರಿ ಅನ್ನಿಸುತ್ತೆ. ಕನ್ನಡ ಪುಟಗಳ ಬರಹ ಈಗಾಗಲೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿ ಇಟ್ಟಿದೆ.

ಕಾಫಿಹೂ

ಫೋನಿಂದ ಬದಲಾಯಿಸೋದು ದಿನದ ಕೆಲಸ ಆದರೆ ನನ್ನ ವಾದ ಬಿಟ್ಟೆ. ವರ್ಡ್‌ಪ್ರೆಸ್ ಹಾಕಿ.

ಅರ್ಕಾವತ್ತು

ನುಡಿ ಅಂದಿರಿ, ಅಲ್ಲೇ ನಿಲ್ಲಿ. ಹಳೆಯ ನುಡಿ, ಬರಹ ತಂತ್ರಾಂಶಗಳ ಆಸ್ಕಿ ಫಾಂಟ್‌ನಲ್ಲಿ (ಇಂಗ್ಲಿಷ್ ಅಕ್ಷರದ ಸಂಕೇತಕ್ಕೇ ಕನ್ನಡದ ಆಕಾರ ಕೂರಿಸಿದ ಫಾಂಟ್) ಟೈಪ್ ಆಗಿದ್ದರೆ ಸೈಟ್‌ಗೆ ಅಂಟಿಸಿದ ಕೂಡಲೇ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ ಆಗುತ್ತೆ. ಅದು ಹೋಸ್ಟಿಂಗ್ ತಪ್ಪಲ್ಲ. ವರ್ಡ್‌ನಲ್ಲಿ ಆ ಸಾಲು ಆಯ್ದು ಫಾಂಟ್ ಬೇರೆ ಮಾಡಿ ನೋಡಿ. ಕನ್ನಡ ಮಾಯವಾದರೆ ಅದು ಆಸ್ಕಿ. ಪರಿವರ್ತಕದಲ್ಲಿ ಯುನಿಕೋಡ್‌ಗೆ (ಕನ್ನಡಕ್ಕೆ ತನ್ನದೇ ಸಂಕೇತ ಇರುವ ಪದ್ಧತಿ) ಬದಲಾಯಿಸಿ, ಆಮೇಲೆ ಕಣ್ಣಿಟ್ಟು ಓದಿ. ‘ವರ್ಷ’, ‘ಮಾರ್ಗ’, ‘ಖರ್ಚು’ ಇಂಥ ಕಡೆ ಅರ್ಕಾವತ್ತು ಜಾಗ ತಪ್ಪಿ ಕೂತಿರುತ್ತೆ.

ಇನ್ನೊಂದು, ಯಾರೂ ಹೇಳದ್ದು. ಕನ್ನಡ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ಪುಟದ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತೆ. ಒಳಗೆ ಪ್ರತಿ ಅಕ್ಷರ, ಪ್ರತಿ ಗುಣಿತ ಚಿಹ್ನೆ, ಪ್ರತಿ ಹಲಂತ ಒಂಬತ್ತು ಅಕ್ಷರ ತಿನ್ನುತ್ತೆ. ಮಿತಿ 200. ‘ನಾಪೋಕ್ಲುವಿನಿಂದ ತಲಕಾವೇರಿಗೆ ಹೋಗುವ ದಾರಿ’ ಅಂತ ಕೊಟ್ಟರೆ ವಿಳಾಸ ‘ತಲಕಾವೇರಿ’ಗೇ ನಿಂತು, ‘ಗೆ ಹೋಗುವ ದಾರಿ’ ಉದುರಿಹೋಗುತ್ತೆ. ಅದೇ ಲಿಂಕ್ ವಾಟ್ಸಾಪ್‌ನಲ್ಲಿ ಕಳಿಸಿದರೆ ಶೇಕಡಾ ಚಿಹ್ನೆಗಳ ಮೂರು ಸಾಲು ಮಾಲೆ. ಶೀರ್ಷಿಕೆ ಕನ್ನಡದಲ್ಲಿರಲಿ, ಸ್ಲಗ್ (ವಿಳಾಸದ ಕೊನೆಯ ಭಾಗ) ಮಾತ್ರ ಕೈಯಾರೆ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೊಡಿ. ಫೋಟೊ ಫೈಲ್ ಹೆಸರಿಗೂ ಇದೇ ಮಾತು.

ಡೇಟಾಬೇಸ್‌ನ ಅಕ್ಷರ ಸಂಕೇತ (ಎನ್‌ಕೋಡಿಂಗ್) ಯುಟಿಎಫ್8ಎಂಬಿ4 ಇದೆಯಾ ನೋಡಿಕೊಳ್ಳಿ. ಮುಂದೆ ಹೋಸ್ಟ್ ಬದಲಾಯಿಸುವಾಗ ಬ್ಯಾಕಪ್ಪನ್ನು ತಪ್ಪು ಎನ್‌ಕೋಡಿಂಗ್‌ನಲ್ಲಿ ತೆಗೆದರೆ ಕನ್ನಡವೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡುತ್ತೆ, ಹಾಗಾದ ಮೇಲೆ ವಾಪಸ್ ತರೋಕೆ ಆಗಲ್ಲ. ಇಂಗ್ಲಿಷ್ ಪುಟ ಸರಿಯಾಗೇ ಕಾಣೋದರಿಂದ ಸಾಗಿಸಿಕೊಟ್ಟವರಿಗೆ ಗೊತ್ತೇ ಆಗಿರಲ್ಲ.

ಕಾಳುಮೆಣಸು

ಡೆವ್ ಅವರ ಲೆಕ್ಕ ಸರಿ, ಆದರೂ ಒಂದನೆಯದನ್ನೇ ತಗೊಂಡು ಮೂರು ವರ್ಷ ಮುಗಿಯುವ ಹೊತ್ತಿಗೆ ಬೇರೆ ಕಡೆ ಹೋಗಬಹುದಲ್ಲ? ಸಾಗಿಸೋದು ಅರ್ಧ ದಿನದ ಕೆಲಸ.

ಕುಶಾಲನಗರ್_ಡೆವ್

ಕೆಲಸ ಗೊತ್ತಿರೋರಿಗೆ ಅರ್ಧ ದಿನ. ಹೊರಗಿನವರನ್ನ ಕರೆದರೆ ಉಳಿಸಿದ 750 ಅವರ ಮಜೂರಿಗೇ ಹೋಯಿತು. ಅದೂ ಅಲ್ಲದೆ ಫ್ರೀ ಡೊಮೈನ್ ಅದೇ ಕಂಪನಿಯ ಖಾತೆಯಲ್ಲಿ ಇರುತ್ತೆ, ಬಿಡಿಸಿಕೊಳ್ಳೋದು ಇನ್ನೊಂದು ತಲೆನೋವು. ಡೊಮೈನ್ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ ಇದ್ದರೆ ನೇಮ್‌ಸರ್ವರ್ ಬದಲಾಯಿಸಿ ಹೊರಟುಬಿಡಬಹುದು.

ಕಾಳುಮೆಣಸು

ಡೊಮೈನ್ ವಿಷಯ ಒಪ್ಪಿದೆ. ಅದಕ್ಕೇ ಎರಡು ಮಾತು ಸೇರಿಸ್ತೀನಿ. ಸೈಟ್ ಮಾಡಿಕೊಡುವ ಹುಡುಗನ ಹೆಸರಲ್ಲಿ ಡೊಮೈನ್ ಬೇಡ, ನಿಮ್ಮ ಹೆಸರು, ನಿಮ್ಮ ಫೋನ್ ಕೊಡಿ. ಇ-ಮೇಲ್ ಅದೇ ಡೊಮೈನ್‌ನದ್ದು ಕೊಡಬೇಡಿ, ಡೊಮೈನ್ ನಿಂತರೆ ಎಚ್ಚರಿಕೆಯ ಮೇಲ್ ಕೂಡ ಬರಲ್ಲ.

ಆಟೋ ರಿನ್ಯೂವಲ್ ಆನ್ ಇದೆ ಅಂತ ನಂಬಿ ಕೂರಬೇಡಿ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕಾರ್ಡ್‌ನಿಂದ ತಾನಾಗಿ ದುಡ್ಡು ಹೋಗಬೇಕಾದರೆ ಇ-ಮ್ಯಾಂಡೇಟ್ (ಮುಂಗಡ ಒಪ್ಪಿಗೆ) ನೋಂದಣಿ ಆಗಿರಬೇಕು. ವಿದೇಶಿ ಕಂಪನಿಗಳಲ್ಲಿ ಇದು ಕೈಕೊಡೋದು ಸಾಮಾನ್ಯ. ರಿನ್ಯೂವಲ್ ತಾರೀಕು ಜುಲೈ, ಆಗಸ್ಟ್‌ನಲ್ಲಿ ಬಿದ್ದರೆ ಕರೆಂಟೂ ಇಲ್ಲ, ಟವರೂ ಇಲ್ಲ, ಒಟಿಪಿ ಎಲ್ಲಿಂದ ಬರಬೇಕು. ಏಪ್ರಿಲ್‌ನಲ್ಲೇ ಮುಂಚಿತವಾಗಿ ಕಟ್ಟಿಬಿಡಿ, ಇರುವ ಅವಧಿಗೆ ಒಂದು ವರ್ಷ ಸೇರುತ್ತೆ, ದಿನ ನಷ್ಟ ಆಗಲ್ಲ.

‘.ಭಾರತ’ ಡೊಮೈನ್ ಕನ್ನಡ ಲಿಪಿಯಲ್ಲೇ ಸಿಗುತ್ತೆ, ನೋಡೋಕೆ ಚೆಂದ. ಆದರೆ ಅದನ್ನು ಎರಡನೆಯ ಹೆಸರಾಗಿ ಇಟ್ಟುಕೊಳ್ಳಿ. ಬಹಳಷ್ಟು ಫಾರ್ಮ್‌ಗಳು ಅಂಥ ಇ-ಮೇಲ್ ವಿಳಾಸ ಒಪ್ಪಲ್ಲ.

ನಾಲ್ಕುನಾಡು

ಎಲ್ಲರಿಗೂ ಧನ್ಯವಾದ. ಎರಡನೆಯ ಪ್ಲಾನ್, ಡೊಮೈನ್ ಬೇರೆ ಕಡೆ. ಟೈಪ್ ಮಾಡಿಸಿದ್ದನ್ನ ನೋಡಿದೆ, ಆಸ್ಕಿನೇ. ಇನ್ನು ಎರಡೇ ಪ್ರಶ್ನೆ. ಇಲ್ಲಿನ ನೆಟ್‌ನಲ್ಲಿ ಅಪ್‌ಲೋಡ್ ಅರ್ಧಕ್ಕೇ ನಿಲ್ಲುತ್ತೆ, ಏನು ಮಾಡೋದು? ಫಾರ್ಮ್‌ನ ಮೇಲ್ ಜಿಮೇಲ್‌ಗೆ ಬರಲ್ಲ ಅಂತ ಹೇಳ್ತಾರೆ, ಹೌದಾ?

ಅರ್ಕಾವತ್ತು

ವರ್ಡ್‌ಪ್ರೆಸ್‌ನಲ್ಲಿ ಸಾವಿರಾರು ಸಣ್ಣ ಫೈಲ್ ಇವೆ, ಎಫ್‌ಟಿಪಿಯಲ್ಲಿ (ಸರ್ವರ್‌ಗೆ ಫೈಲ್ ಕಳಿಸುವ ವಿಧಾನ) ಒಂದೊಂದಾಗಿ ಕಳಿಸೋಕೆ ಹೋಗಬೇಡಿ. ಹೋಸ್ಟ್ ಪ್ಯಾನೆಲ್‌ನಲ್ಲೇ ಒಂದು ಕ್ಲಿಕ್‌ಗೆ ಇನ್‌ಸ್ಟಾಲ್ ಆಗುತ್ತೆ. ಫೋಟೊಗಳನ್ನು ಮೊದಲೇ 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ (ಕಡಿಮೆ ಜಾಗ ಹಿಡಿಯುವ ಚಿತ್ರದ ಬಗೆ) ಮಾಡಿ. 5 ಎಂಬಿ ಇದ್ದದ್ದು 300 ಕೆಬಿ ಆಸುಪಾಸಿಗೆ ಬರುತ್ತೆ. ಮಂಜಿನ ಫೋಟೊ ಇನ್ನೂ ಚಿಕ್ಕದಾಗುತ್ತೆ, ಕಾಫಿ ಎಲೆ ತುಂಬಿದ ಫೋಟೊ ಅಷ್ಟು ಇಳಿಯಲ್ಲ. ಪಿಎಚ್‌ಪಿಯ (ವರ್ಡ್‌ಪ್ರೆಸ್ ಬರೆದಿರುವ ಭಾಷೆ) ಮೂಲ ಅಪ್‌ಲೋಡ್ ಮಿತಿ 2 ಎಂಬಿ. ‘ಫೈಲ್ ದೊಡ್ಡದು’ ಅಂತ ಬಂದರೆ ನೆಟ್ ಬೈಯಬೇಡಿ, ಪ್ಯಾನೆಲ್‌ನಲ್ಲಿ 32 ಎಂಬಿಗೆ ಏರಿಸಿ.

ಮೇಲ್ ಬರದೇ ಇರೋದು ನಿಜ, ಕಾರಣ ಇದು. ಫಾರ್ಮ್ ತುಂಬಿದವರ ವಿಳಾಸವನ್ನೇ ‘ಫ್ರಮ್’ನಲ್ಲಿ ಹಾಕಿದರೆ ಬೇರೆಯವರ ಹೆಸರಲ್ಲಿ ಕಳ್ಳ ಮೇಲ್ ಕಳಿಸಿದ ಹಾಗೆ ಜಿಮೇಲ್‌ಗೆ ಕಾಣುತ್ತೆ. ಫ್ರಮ್‌ನಲ್ಲಿ ನಿಮ್ಮ ಡೊಮೈನ್‌ನ ವಿಳಾಸ, ರಿಪ್ಲೈ-ಟು ಜಾಗದಲ್ಲಿ ಅವರ ವಿಳಾಸ ಇರಲಿ. ಎಸ್‌ಎಂಟಿಪಿ ಪ್ಲಗಿನ್ (ಮೇಲ್ ಖಾತೆಗೆ ಲಾಗಿನ್ ಆಗಿ ಮೇಲ್ ಕಳಿಸುವ ಸೇರ್ಪಡೆ) ಹಾಕಿ, ಡೊಮೈನ್‌ನ ಡಿಎನ್‌ಎಸ್ ದಾಖಲೆಗಳಲ್ಲಿ ಎಸ್‌ಪಿಎಫ್, ಡಿಕಿಮ್ ಎರಡೂ ಸೇರಿಸಿ, ಮೇಲ್ ನಿಮ್ಮದೇ ಅಂತ ತೋರಿಸೋದು ಇವೇ. 2024ರ ಫೆಬ್ರವರಿಯಿಂದ ಗೂಗಲ್ ಈ ವಿಷಯದಲ್ಲಿ ಬಿಗಿ ಮಾಡಿದೆ. ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಹಳೆಯದನ್ನ ಉಳಿಸಿ ಎರಡನೆಯದು ಹಾಕಿದರೆ ಎರಡೂ ಕೆಡುತ್ತವೆ.

ಕುಶಾಲನಗರ್_ಡೆವ್

ಬ್ಯಾಕಪ್ ಮರೆತೆ. ಪ್ಲಗಿನ್ ಬ್ಯಾಕಪ್ ಅದೇ ಸರ್ವರ್‌ನಲ್ಲಿ ಕೂತರೆ ಪ್ರಯೋಜನ ಇಲ್ಲ, ಜಾಗವೂ ತಿನ್ನುತ್ತೆ. ವಾರಕ್ಕೊಮ್ಮೆ ಗೂಗಲ್ ಡ್ರೈವ್‌ಗೆ ಹೋಗೋ ಹಾಗೆ ಮಾಡಿ, ಹಿಂದಿನ ನಾಲ್ಕು ಪ್ರತಿ ಮಾತ್ರ ಇಟ್ಟುಕೊಳ್ಳಲಿ. ಸೈಟ್ ತೆರೆದ ವಾರದಲ್ಲೇ ಒಂದನ್ನು ವಾಪಸ್ ಹಾಕಿ, ಕನ್ನಡ ಪುಟ ತೆರೆದು ನೋಡಿ.